ಡೋಲಿನ ಮೇಲಿನ ಹೆಸರು

ಏಪ್ರಿಲ್ 3, 1987. ಬೆಳಿಗ್ಗೆ 7.15

ಜಗತ್ತಿನ ಸಂಗೀತ ಚರಿತ್ರೆಕಾರರೆಲ್ಲ ಎದ್ದು ನಿಂತು ಕೇಳತಕ್ಕದ್ದು: ನಮ್ಮ ಮನೆಯ ಬೆಕ್ಕು ಈಗಷ್ಟೇ ‘ಹಿಮಿಗ್’ ಬ್ಯಾಂಡಿನ ದೊಡ್ಡ ಡೋಲಿನ ಮೇಲೆ ಪಾದಾರ್ಪಣೆ ಮಾಡಿತು. ಹೊಸ ಚರ್ಮ. ಹಸಿ ಪೇಂಟು. ಅಪ್ಪ ಇಟ್ಟ ಹೆಸರು ‘ಹಿಮಿಗ್’, ಅಂದರೆ ರಾಗ, ಉಳಿಯಿತು. ಅದರ ಕೆಳಗೆ ನಾನು ಬರೆಸಿದ್ದ ‘ಮಾಲೀಕ: ನಾರ್ಸಿಸೊ’ ಮಾತ್ರ ಬೆಕ್ಕಿನ ಕಾಲಿಗೆ ಹತ್ತಿ ಹೋಯಿತು. ಹೆಂಡತಿ ಮೆಲಾಂಗ್ ನಕ್ಕು ನಕ್ಕು ಕಾಫಿ ಚೆಲ್ಲಿದಳು. ಇದನ್ನೆಲ್ಲ ದಾಖಲಿಸಬಾರದು... ಇರಲಿ, ಯಾರೂ ಓದುವುದಿಲ್ಲವಲ್ಲ.

ಏಪ್ರಿಲ್ 5

ಅಂಬೊ, ಅಂದರೆ ಅಂಬ್ರೋಸಿಯೊ, ಬಂದಿದ್ದ. ಮೂವತ್ತು ವರ್ಷದಿಂದ ನಮ್ಮ ಟ್ರಂಪೆಟ್, ನನ್ನ ಮಗಳ ಧರ್ಮತಂದೆ; ಆ ನಂಟಿಗೇ ನಾವು ಒಬ್ಬರಿಗೊಬ್ಬರು ‘ಪಾರೆ’. ಡೋಲು ನೋಡಿದ, ಬೆಕ್ಕು ಅಳಿಸಿದ ಸಾಲನ್ನೂ. ಕುರ್ಚಿಯ ತುದಿಯಲ್ಲಿ ಕೂತ.

“ಪಾರೆ, ನಾನು ಬೇರೆ ಬ್ಯಾಂಡ್ ಮಾಡ್ತೀನಿ. ಒಂಬತ್ತು ಜನ ನನ್ ಜೊತೆ ಬರ್ತಾರೆ.”

“ಮಾಡಪ್ಪ ದೊರೆ. ಹೆಸರೇನು?”

“ಹಿಮಿಗ್.”

“ಅದು ನಮ್ಮಪ್ಪಂದು ಕಣೋ!”

“ಅವರೇ ನಂಗೆ ಕೊಟ್ಟಿದ್ದು. ನೀನೂ ಅಲ್ಲೇ ಕೂತಿದ್ದೆ, ಬಾಯ್ತುಂಬ ಶಾವಿಗೆ ತುಂಬ್ಕೊಂಡು.”

“ಕಾಗದ ತೋರ್ಸು.”

“ನಿಮ್ಮಪ್ಪನ ಹತ್ರ ಕಾಗದ ಎಲ್ಲಿತ್ತೋ? ಪನ್ಸಿತ್ ಇತ್ತು!”

“ನಂಗೇನೂ ನೆನಪಿಲ್ಲ,” ಎಂದೆ.

ಕಾಫಿ ಮುಟ್ಟದೆ ಎದ್ದು ಹೋದ.

ಏಪ್ರಿಲ್ 6

ಅಪ್ಪನ ಕಚೇರಿ ಎಂದರೆ ಮಾವಿನ ಮರದ ಕೆಳಗಿನ ಬೆಂಚು. ಕರಾರು ಎಂದರೆ ಬಾಳೆಲೆ ಹಾಸಿದ ಮೊರದ ತುಂಬ ಪನ್ಸಿತ್ ಶಾವಿಗೆ. ಕರಾರಿನ ಎರಡೂ ಕಡೆಯವರು ಒಂದೇ ಮೊರದಿಂದ ತಿನ್ನಬೇಕು, ಕೊನೆಯ ಎಳೆಯವರೆಗೆ. ಮೇಲೆ ಕಲಮಾನ್ಸಿ ನಿಂಬೆ ಹಿಂಡಿದರೆ ಮೊಹರು ಬಿದ್ದಂತೆ. ಇಪ್ಪತ್ತೆರಡು ವಾದ್ಯಗಾರರು ಹಾಗೆ ಸೇರಿದರು. ಅಜೀರ್ಣವಾದದ್ದುಂಟು, ತಕರಾರು ಆಗಲಿಲ್ಲ. ಈಗಲೂ ಆ ನಿಂಬೆಯ ವಾಸನೆ ಬಂದರೆ ಅಪ್ಪ ಕ್ಲಾರಿನೆಟ್ ಒರೆಸುತ್ತ ಪಕ್ಕದಲ್ಲೇ ಕೂತ ಹಾಗೆ...

ಅಪ್ಪನ ಕೊನೆಯ ಮೊರ — ಅದು ಬೇಡ.

ಏಪ್ರಿಲ್ 21

ಪಕ್ಕದೂರಿನ ಹಬ್ಬದ ಯಜಮಾನ ಬಂದಿದ್ದ. ಮೇ ಹದಿನೈದಕ್ಕೆ ಸಂತ ಇಸಿದ್ರೊನ ಮೆರವಣಿಗೆ.

“ಸಿಸೊ ಅಣ್ಣ, ಎರಡೆರಡು ಹಿಮಿಗ್ ಅಂತೆ! ಸಂತನ ಹಿಂದೆ ಯಾವ್ದು ನಡೀಬೇಕು? ನಿಮ್ ಬಾಯಲ್ಲೇ ಹೇಳ್ಬಿಡಿ.”

ನಾಳೆ ಹೇಳುತ್ತೇನೆ ಎಂದೆ. ಮ್ಯಾನೇಜರ್ ಸುಳ್ಳು ಹೇಳಬಹುದು, ಅದು ಕಸುಬಿನ ಭಾಗ. ಆದರೆ ಸುಳ್ಳು ಹೇಳಿ ಸಂತನ ಹಿಂದೆ ನಡೆಯುವುದು...

ನೆನಪಿದೆ. ಎಲ್ಲ ನೆನಪಿದೆ. ಅಪ್ಪನಿಗೆ ಆಗಲೇ ಉಸಿರು ಸಾಲುತ್ತಿರಲಿಲ್ಲ. ಒಂದೇ ಎಳೆ ತಿಂದು ಮೊರವನ್ನು ಅಂಬೊನ ಕಡೆ ತಳ್ಳಿದರು. “ನಾನು ಹೋದ್ಮೇಲೆ ಹಿಮಿಗ್ ನಿಂದು. ಊದೋನಿಗೇ ಹೆಸರು. ಸಿಸೊ ನಡೆಸ್ಕೊಂಡು ಹೋಗ್ತಾನೆ.” ನನ್ನತ್ತ ನೋಡಿದರು. ತಲೆಯಾಡಿಸಿದೆ. ಬಾಯಲ್ಲಿ ಶಾವಿಗೆ ಇತ್ತು. ನಿಂಬೆ ಹಿಂಡಿದವನೂ ನಾನೇ.

ಏಪ್ರಿಲ್ 22. ಸಂಜೆ

ಅಂಬೊನನ್ನು ಕರೆಸಿದೆ. ಮಾವಿನ ಮರದ ಕೆಳಗೆ ಮೊರ. ಪಕ್ಕದಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ. ಒಂದು: ಹಿಮಿಗ್ ಹೆಸರು ಅಂಬ್ರೋಸಿಯೊನದು. ಎರಡು: ಕಾಲಾಡುವವರೆಗೆ ನಾರ್ಸಿಸೊ ಮ್ಯಾನೇಜರ್. ಮೂರು: ಡೋಲಿನ ಕೋಣೆಗೆ ಬೆಕ್ಕು ಬರಕೂಡದು.

ಓದಿದ. ಮುಖ ಕೆಂಪಾಯಿತು. “ನಮ್ಮಿಬ್ಬರ ನಡುವೆ ಕಾಗದಾನಾ? ಇಷ್ಟು ವರ್ಷ ಆದ್ಮೇಲೆ? ನೆನಪಿದೆ ಅಂತ ಒಂದ್ಮಾತು ಹೇಳು ಪಾರೆ, ಸಾಕು.”

“ನೆನಪಿದೆ. ಅವತ್ತೂ ಇತ್ತು. ಆದ್ರೂ ಈ ಬಾಯಿ ಹದಿನೇಳು ದಿನ ಸುಳ್ಳು ಹೇಳ್ತು ಕಣೋ. ನಾಳೆ ನನ್ ಮಗ ಹೇಳ್ತಾನೆ, ನಾಡಿದ್ದು ನಿನ್ ಮಗ. ಈ ಹಾಳೆ ಹೇಳಲ್ಲ.”

ಹಾಳೆ ಎತ್ತಿಕೊಂಡು ಇನ್ನೊಮ್ಮೆ ಓದಿದ. ಆಮೇಲೆ: “ಮೂರನೇದು ಹೊಡೆದು ಹಾಕು. ಬೆಕ್ಕೊಂದೇ ಅವತ್ತಿಂದ ಸತ್ಯ ಹೇಳಿದ್ದು.”

ಹೊಡೆದು ಹಾಕಿದೆ. ಸಹಿ ಮಾಡಿದೆವು. ಅವನು ನಿಂಬೆ ಹಿಂಡಿದ. ಅದೇ ವಾಸನೆ... ಇಬ್ಬರೂ ಮರದ ಕಡೆ ನೋಡಿದೆವು.

ಸಾಕ್ಷಿಯ ಜಾಗ ಮಾತ್ರ ಖಾಲಿ. ಮೆಲಾಂಗ್, ನೀನು ಇದನ್ನು ದಿನವೂ ಕದ್ದು ಓದುತ್ತೀಯೆಂದು ಗೊತ್ತು. ಅಡುಗೆಮನೆ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡವಳೂ ನೀನೇ. ಹಾಳೆ ಈ ಪುಟದ ಹಿಂದಿದೆ. ಒಂದು ಸಹಿ ಹಾಕು. ಮೊದಲು ಕೈಯ ಎಣ್ಣೆ ಒರೆಸಿಕೋ. ಪೆನ್ನು ಇಲ್ಲೇ —