ಆಪಿಯಾದಲ್ಲಿ ಸಿಕ್ಕ ನಿನ್ನ ಅಮ್ಮ

ಅಪ್ಪ,

ನಿನ್ನೆ ಪೆನಿನಾ ಅಜ್ಜಿಯನ್ನು ಆಪಿಯಾ ಪಟ್ಟಣದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದೆ. ಬಸ್ಸು ಬರುವವರೆಗೆ ನೆರಳಿಗೆಂದು ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಹೋದೆವು. ನಮ್ಮ ಹಿರಿಯರು ಹೆಣೆದ ಚಾಪೆಗಳ ನಡುವೆ ಅಲ್ಲೊಂದು ಹಳೆಯ ಫೋಟೋ ಇತ್ತು. ದೋಣಿಗೆ ಒರಗಿ ನಗುತ್ತಿರುವ ಹುಡುಗಿ. ಕೆಳಗೆ 'ಹೆಸರು ತಿಳಿದಿಲ್ಲ' ಎಂದು ಬರೆದಿತ್ತು.

ಅಜ್ಜಿ ಹತ್ತಿರ ಹೋಗಿ ನೋಡಿದವಳೇ ಕೂಗಿಬಿಟ್ಟಳು. "ಯಾಕೆ ತಿಳಿದಿಲ್ಲ? ಇವಳು ನಮ್ಮಕ್ಕ ಮತಾಲೆನಾ! ನೋಡೇ ಲೂಪೆ, ನಿಮ್ಮಪ್ಪನಿಗೆ ಆ ಮೊರದಗಲ ಕಿವಿ ಎಲ್ಲಿಂದ ಬಂತು ಅಂತ!"

ಅಲ್ಲಿಯ ಮೇಲ್ವಿಚಾರಕಿ ನಗುತ್ತಲೇ ಬಂದು ಹೆಸರು, ಊರು ಬರೆದುಕೊಂಡಳು. "ಮಕ್ಕಳಿದ್ರಾ ಅಜ್ಜಿ?"

"ಒಬ್ಬನೇ ಮಗ. ಅವನು ಹುಟ್ಟಿದ ತಿಂಗಳಲ್ಲೇ ತೀರಿಕೊಂಡ್ಲು. ಅಮ್ಮನ ಮುಖ ಹೇಗಿತ್ತು ಅಂತ ಸಾಯೋವರೆಗೂ ನನ್ನನ್ನ ಕೇಳ್ತಾನೇ ಇದ್ದ."

ನಮ್ಮೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೇ ಗಂಟೆ, ಅಪ್ಪ.

ಮೇಲ್ವಿಚಾರಕಿ ನಮಗೆ ಫೋಟೋದ ಒಂದು ಪ್ರತಿ ಮಾಡಿಕೊಟ್ಟಳು. ಅಜ್ಜಿ ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಅದನ್ನು ತೋರಿಸಿದಳು. ಈಗ ಅದನ್ನು ಅಂಗಳದ ನಿನ್ನ ಸಮಾಧಿಗೆ ಎದುರಾಗಿ ಮನೆಯ ಕಂಬಕ್ಕೆ ತೂಗುಹಾಕಿದ್ದೇನೆ. ನಮ್ಮ ಮನೆಗೆ ಗೋಡೆಗಳೇ ಇಲ್ಲವಲ್ಲ, ನಡುವೆ ಏನೂ ಅಡ್ಡ ಬರುವುದಿಲ್ಲ. ಕಣ್ತುಂಬ ನೋಡಿಕೋ.