ನುಂಗಿಕೊಂಡ ಹುಳಿತೇಗು

ಅಪ್ಪಾ,

ಕೂತಲ್ಲಿ ಕೂರೋಕಾಗದೆ ಬರೀತಿದೀನಿ. ಇವತ್ತು ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಡಿ ಸ್ಲೈಡ್ ನೋಡಿ 'ಕರುಳು' ಅಂತ ಬರೆದೆ. ಮೇಡಂ ನಕ್ಕರು. "ಅನ್ನನಾಳ ಕಣಯ್ಯಾ ಅದು! ವರ್ಷಗಟ್ಟಲೆ ಆಸಿಡ್ ಮೇಲೆ ಬಂದು ಬಂದು ಒಳಪದರ ಕರುಳಿನ ವೇಷ ಹಾಕಿಕೊಂಡಿದೆ. ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತೆ. ಎದೆಯುರಿ, ಹುಳಿತೇಗು ಅಂತ ಬೇಗ ಹೇಳಿಕೊಂಡರೆ ಉಳಿಸಬಹುದು."

ಹೋದ ವರ್ಷ ನಿಮ್ಮನ್ನು ತಗೊಂಡು ಹೋಗಿದ್ದೂ ಅದೇ ಕ್ಯಾನ್ಸರ್.

ಎಂಟನೇ ಕ್ಲಾಸಿನಲ್ಲಿ ನನ್ನನ್ನು ನೋಡಲು ಹಾಸ್ಟೆಲಿಗೆ ಬಂದಾಗ ನೀವು ಜೋರಾಗಿ ತೇಗಿದಿರಿ. "ಪ್ಲೀಸ್ ಅಪ್ಪಾ, ಫ್ರೆಂಡ್ಸ್ ಮುಂದೆ ಬೇಡ," ಅಂದೆ. "ಆಯ್ತು ಸಾಹೇಬರೇ," ಅಂತ ನಕ್ಕಿರಿ. ಆಮೇಲೆ ಬಂದಾಗಲೆಲ್ಲ ಎದೆ ಒತ್ತಿಕೊಂಡು ತೇಗು ನುಂಗಿಬಿಡುತ್ತಿದ್ದಿರಿ. "ಹುಷಾರಾ?" ಅಂದರೆ, "ಫಸ್ಟ್ ಕ್ಲಾಸ್!"

ಮಧ್ಯಾಹ್ನ ಮೆಸ್ಸಿನಲ್ಲಿ ನನಗೂ ಹುಳಿತೇಗು ಬಂತು. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ತೇಗಿದೆ. ಪಕ್ಕದವನು, "ಯಾರ ಮನೆ ತಾತನೋ ನೀನು?" ಅಂದ.

"ನಮ್ಮಪ್ಪನ ಮಗ," ಅಂದೆ.