ಅತ್ತೆಯವರ ಹಿಂದೆ ಮುಚ್ಚಿಕೊಂಡ ಬಾಗಿಲಿನ ಬಗ್ಗೆ

ಮಹಾನಗರದ ಬಸ್ ಬಾಗಿಲುಗಳಿಗೆಲ್ಲ ಒಡೆಯರಾದ ಮಾನ್ಯ ಸಾರಿಗೆ ಅಧಿಕಾರಿಗಳೇ,

ಕಳೆದ ದಸರಾ ರಜೆಯಲ್ಲಿ ತಮ್ಮ ನಗರ ನೋಡಲು ಬಂದಿದ್ದ ನಮ್ಮ ಅತ್ತೆ ಸರ್ವಮಂಗಳಾ ಅವರನ್ನು ಒಳಗೆ ಹಾಕಿಕೊಂಡು, ಉಳಿದವರನ್ನು ರಸ್ತೆಯಲ್ಲೇ ಬಿಟ್ಟು ತಮ್ಮ ಬಸ್ಸೊಂದು ಹೊರಟುಹೋಯಿತು. ಅತ್ತೆಯವರು ಅಂದೇ ಸಿಕ್ಕರು. ಆದರೆ ಅವತ್ತಿನಿಂದ ಅವರು ಒಬ್ಬನೇ ಮಗ ಗೌರೀಶನ ಜೊತೆ ಮಾತಾಡಿಲ್ಲ. ಮಗನೇ ತನ್ನನ್ನು ಬಸ್ಸು ಹತ್ತಿಸಿ ಸಾಗಹಾಕಿದ ಎಂಬುದು ಅವರ ತೀರ್ಮಾನ. ಆ ತೀರ್ಮಾನವನ್ನು ಬದಲಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ, ತಮಗಿದೆ. ಅದಕ್ಕೇ ಈ ಪತ್ರ.

ನಾವು ಮಧುಗಿರಿಯವರು, ಅತ್ತೆಯ ಮನೆ ಪಾವಗಡ. ಜಗಳ ಶುರುವಾದದ್ದು ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ, ಇಡ್ಲಿಯ ಮುಂದೆ. ಗೌರೀಶನಿಗೆ ಬಾಡಿಗೆ ಕಾರಿನ ಆಸೆ.

"ನಾನೇ ಓಡಿಸ್ತೀನಿ ಕಣಮ್ಮ. ನೀನು ರಾಣಿ ಹಂಗೆ ಹಿಂದೆ ಕುಂತ್ಕ."

"ನಿನ್ ಡ್ರೈವಿಂಗು ನೋಡಿಲ್ವೇನ್ಲಾ? ಪುರವರದ ತಾವ ಎಮ್ಮೆಗೆ ದಾರಿ ಬುಡಾಕೆ ಇಂಜಿನ್ ಆಫ್ ಮಾಡ್ಕಂಡ್ ಕುಂತಿದ್ದೆ."

"ಈ ಊರ್ನಾಗೆ ಎಮ್ಮೆ ಇಲ್ಲಮ್ಮ."

"ಅದೇ ನಂಗೆ ಭಯ. ಎಮ್ಮೆಯಾದ್ರೆ ನಿಂತ್ಕಂತೈತೆ. ಆಧಾರ್ ಕಾರ್ಡ್ ತೋರ್ಸಿದ್ರೆ ಸರ್ಕಾರ ಬಸ್ಸಿನಾಗೆ ಬಿಟ್ಟಿ ಕರ್ದು ಕುಂಡ್ರಿಸ್ಕಂತೈತೆ, ನಿನ್ ಕಾರ್ ಯಾಕ್ಲಾ?"

ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ತಾಯಿಯ ಪರ ನಿಂತಳು. ಅಳಿಯನಾದ ನಾನು ಚಟ್ನಿಯ ಪರ ನಿಂತೆ. ಬಸ್ಸು ಗೆದ್ದಿತು.

ಈಗ ತಾವು ನಮ್ಮ ಕಡೆಯ ಬಸ್ ಶಾಸ್ತ್ರವನ್ನು ಸ್ವಲ್ಪ ಅಭ್ಯಾಸ ಮಾಡಬೇಕು. ಮನೆಮಂದಿ ಹೊರಟಾಗ ಹಿರಿಯ ಹೆಂಗಸನ್ನು ಮೊದಲು ಹತ್ತಿಸುವುದು ನಮ್ಮ ಪದ್ಧತಿ. ಆಕೆ ಸೀಟಿನ ಮೇಲೆ ಟವೆಲ್ ಹಾಸಿ "ನಮ್ಮೋರು ಬತ್ತಾವ್ರೆ" ಎಂದರೆ ಅದು ನ್ಯಾಯಾಲಯದ ತಡೆಯಾಜ್ಞೆಗೆ ಸಮ. ಡ್ರೈವರ್ ಕಾಯುತ್ತಾನೆ, ಬೈಯುತ್ತಾನೆ, ಆದರೂ ಕಾಯುತ್ತಾನೆ. ನಾನು ಅರ್ಧ ಟೀ ಕುಡಿದು ಮುಗಿಸುವವರೆಗೆ ಪಾವಗಡದ ಬಸ್ಸು ನಿಂತದ್ದಿದೆ. ಇನ್ನು ಬಸ್ಸಿನ ಮೈಗೆ ಒಂದು ಏಟು ಬಿದ್ದರೆ 'ನಿಲ್ಸು' ಎಂದು, ಬಡಬಡ ಬಿದ್ದರೆ 'ರೈಟ್, ಹೊರಡು' ಎಂದು. ಕೊರಟಗೆರೆಯಿಂದ ಶಿರಾದವರೆಗೆ ಇದು ಟಾಪಿನ ಮೇಲಿರುವ ಕುರಿಗೂ ಗೊತ್ತು.

ತಮ್ಮ ಬಸ್ಸು ಬಂತು. ಪದ್ಧತಿಯಂತೆ ಅತ್ತೆ ಹತ್ತಿದರು, ಟವೆಲ್ ಹಾಸಿದರು. ಜ್ಯೋತಿಲಕ್ಷ್ಮಿ ಬಾಳೆಹಣ್ಣಿನ ಚಿಲ್ಲರೆ ಇಸಕೊಳ್ಳುತ್ತಿದ್ದಳು. ಅಷ್ಟರಲ್ಲಿ ತಮ್ಮ ಸುಧಾರಿತ ಬಾಗಿಲು ಬುಸ್ಸೆಂದು ಮುಚ್ಚಿಕೊಂಡು ಬಸ್ಸು ಹೊರಟಿತು. ಗೌರೀಶ ಓಡಿದ. ಹೆತ್ತ ತಾಯಿ ಒಬ್ಬಳೇ ಹೋಗುತ್ತಿರುವಾಗ ಯಾವ ಮಗ ಏಟು ಎಣಿಸಿಕೊಂಡು ಬಡಿಯುತ್ತಾನೆ? ಗಾಬರಿಯಲ್ಲಿ ಬಡಬಡ ಬಡಿದ. ಗಾಜಿನಾಚೆಯಿಂದ ಅತ್ತೆ ಅದನ್ನು ಕಣ್ಣಾರೆ ಕಂಡರು: ಮಗ ಬೆನ್ನಟ್ಟಿ ಬಂದು, ರೈಟ್ ಹೇಳಿ, ತನ್ನನ್ನು ಕಳಿಸಿಕೊಟ್ಟ.

ಅತ್ತೆಯ ಫೋನು ಜ್ಯೋತಿಲಕ್ಷ್ಮಿಯ ಬ್ಯಾಗಿನಲ್ಲಿತ್ತು. ನಾವು ತಮ್ಮ ವಿಚಾರಣಾ ಕೌಂಟರಿಗೆ ಹೋದೆವು. ಒಳಗಿದ್ದವರು ತಲೆ ಎತ್ತದೆ, "ವಸ್ತು ಕಳೆದಿದ್ರೆ ಇಲ್ಲಿ. ಮನುಷ್ಯರು ಕಳೆದಿದ್ರೆ ಪೊಲೀಸು" ಎಂದರು.

"ಅವರತ್ರ ಒಂದ್ ಚೀಲ ಐತೆ ಸಾರ್" ಎಂದ ಗೌರೀಶ.

"ಚೀಲದ ಬಣ್ಣ?"

ಹಸಿರು ಎಂದ ಮೇಲೆ ಬಸ್ಸಿನ ಕೊನೆಯ ನಿಲ್ದಾಣದ ಹೆಸರು ಸಿಕ್ಕಿತು. ತಮ್ಮ ಇಲಾಖೆಯಲ್ಲಿ ಹಸಿರು ಚೀಲಕ್ಕಿರುವ ಗೌರವ ಅದನ್ನು ಹಿಡಿದ ಕೈಗೆ ಇಲ್ಲದಿರುವುದಕ್ಕೆ ಯಾವ ನಿಯಮ ಕಾರಣ, ತಿಳಿಸುವಿರಾ?

ಆಗ ಬಾಡಿಗೆ ಕಾರು ಬಂತು. ಗೌರೀಶ ಓಡಿಸಿದ. ಮೇಲ್ಸೇತುವೆಯೊಂದು ನಮ್ಮನ್ನು ಬೇಡದ ದಿಕ್ಕಿಗೆ ಒಯ್ದು ಇಳಿಸಿತು. ದಾರಿ ಕೇಳೋಣವೆಂದು ನಿಲ್ಲಿಸಿದಲ್ಲೆಲ್ಲ ಪೊಲೀಸರು ಸೀಟಿ ಊದಿದರು. ರಜೆಗೆ ಬಂದವನು ತಮ್ಮ ಊರಿನಲ್ಲಿ ಬಸ್ಸೋ ಕಾರೋ ಎಂದು ತಲೆ ಕೆಡಿಸಿಕೊಳ್ಳುವುದು ದಂಡ: ಬಸ್ಸು ನಿಲ್ಲುವುದಿಲ್ಲ, ಕಾರು ನಿಲ್ಲಿಸುವಂತಿಲ್ಲ.

ಕೊನೆಯ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅತ್ತೆ ಕೂತಿದ್ದರು. ಒಂದೆರಡು ಸ್ಟಾಪಿನವರೆಗೆ ಸೀಟು ಬಿಟ್ಟುಕೊಡದೆ ಜಗಳವಾಡಿದರಂತೆ. ಕಂಡಕ್ಟರ್ "ಬರೋರು ಯಾರೂ ಇಲ್ಲ ಅಜ್ಜಿ, ಟವೆಲ್ ತೆಗೀರಿ" ಎಂದ ಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡರಂತೆ. ಇದನ್ನೆಲ್ಲ ಮಗಳಿಗೆ ಹೇಳಿದ್ದು ಆಮೇಲೆ. ಆಗ ಅವರು ನೋಡಿದ್ದು ಕಾರನ್ನು ಮಾತ್ರ, ಅದರಿಂದ ಇಳಿಯುತ್ತಿದ್ದ ಮಗನನ್ನು ಮಾತ್ರ.

"ಕಾರ್ ಬೇಕಾಗಿತ್ತು ನಿಂಗೆ. ಬಂತಲ್ಲ, ಬುಡು."

"ಅಮ್ಮಾ, ನಾನು ನಿಲ್ಸಾಕೆ ಬಡಿದಿದ್ದು ಕಣಮ್ಮ."

"ನಿಲ್ಸಾಕೆ ಎಷ್ಟ್ ಏಟು ಅಂತ ನಂಗೆ ಹೇಳ್ಕೊಡಬ್ಯಾಡ."

ಮಗನೊಡನೆ ಅವರು ಆಡಿದ ಕೊನೆಯ ಮಾತು ಇದು. ಕಾರು ಹತ್ತಲಿಲ್ಲ. ಮಗಳ ಜೊತೆ ಬಸ್ಸಿನಲ್ಲೇ ಲಾಡ್ಜಿಗೆ ಹೊರಟರು. ಆ ಬಸ್ಸಿನ ಹಿಂದೆ ಖಾಲಿ ಸೀಟುಗಳ ಕಾರಿನಲ್ಲಿ ನಾವಿಬ್ಬರು, ದಿಬ್ಬಣದಲ್ಲಿ ಯಾರೂ ಕರೆಯದೆ ಸೇರಿಕೊಂಡವರಂತೆ.

ಈಗಲೂ ಗೌರೀಶ ಪಾವಗಡದ ಮನೆಗೆ ಬಂದರೆ ಅತ್ತೆ ಮುದ್ದೆ ಬಡಿಸುತ್ತಾರೆ, ಮಾತು ಬಡಿಸುವುದಿಲ್ಲ. ಅವನು ತಟ್ಟೆ ನೋಡುತ್ತಾ ಉಣ್ಣುತ್ತಾನೆ. ನಾವು ಸಾಕ್ಷಿ ಹೇಳಿದರೆ, "ನೀವೂ ಅದೇ ಕಾರ್ನಾಗೆ ಬಂದೋರು" ಎನ್ನುತ್ತಾರೆ. ತಮ್ಮ ಕಚೇರಿಗೆ ದೂರು ಕೊಟ್ಟೆ. "ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ನಕ್ಷತ್ರ ನೀಡಿ" ಎಂಬ ಸಂದೇಶ ಬಂತು. ನಕ್ಷತ್ರ ಎಣಿಸುವಂತೆ ಮಾಡಿದವರೇ ನಕ್ಷತ್ರ ಕೇಳಿದರೆ ಎಲ್ಲಿಂದ ತರೋಣ?

ನನಗೆ ಪರಿಹಾರ ಬೇಡ, ತನಿಖೆಯೂ ಬೇಡ. ಕಚೇರಿಯ ಕಾಗದದಲ್ಲಿ, ಅತ್ತೆಯವರ ಹೆಸರಿಗೆ, ಎರಡೇ ಸಾಲು ಬರೆದು ಸೀಲು ಒತ್ತಿ: ಬಾಗಿಲು ಮುಚ್ಚಿದ್ದು ನಾವು, ನಿಮ್ಮ ಮಗ ಬಡಿದದ್ದು ನಿಲ್ಲಿಸುವುದಕ್ಕೆ. ನಮ್ಮ ಮಾತನ್ನು ಅವರು ನಂಬುವುದಿಲ್ಲ. ಆದರೆ ಸರ್ಕಾರ ಸುಳ್ಳು ಹೇಳುವುದಿಲ್ಲ ಎಂದು ಇನ್ನೂ ನಂಬಿರುವ ಒಬ್ಬರು ಪಾವಗಡದಲ್ಲಿದ್ದರೆ, ಅದು ಅವರೇ. ಅವರಿಗೆ ವಯಸ್ಸಾಗಿದೆ, ಬೇಗ ಬರೆಯಿರಿ.

ಇಂತಿ,
ಅಮ್ಮನ ಮಾತನ್ನು ಮಗನಿಗೆ, ಮಗನ ಮಾತನ್ನು ಅಮ್ಮನಿಗೆ ಸದ್ಯಕ್ಕೆ ಹೊತ್ತು ತಿರುಗುತ್ತಿರುವ
ಅಳಿಯ ಹಾಲೇಶ್, ಮಧುಗಿರಿ